ಗಿಟಾರಿನ ಕೊರಳ ಪಿಕಪ್ಪನ್ನು ಆರಿಸುವ ಬಗೆ

ವಾದ್ಯವನ್ನು ಕೊಳ್ಳಹೊರಟವನು ಮಾರುವವನ ಮಾತನ್ನು ನಂಬಬೇಕೋ ತನ್ನ ಕಿವಿಯನ್ನು ನಂಬಬೇಕೋ ಎಂಬುದು ಹಳೆಯ ಪ್ರಶ್ನೆ. ತಂಬೂರಿಯ ಬುರುಡೆಯನ್ನು ಬೆರಳಿನಿಂದ ತಟ್ಟಿ, ತಂತಿಯನ್ನು ಮೀಟಿ, ಕ್ಷಣಕಾಲ ಕಣ್ಣು ಮುಚ್ಚಿ ಆಲಿಸಿ ಕೊಳ್ಳುತ್ತಿದ್ದ ನಮ್ಮ ಹಿರಿಯರನ್ನು ಈ ಪ್ರಶ್ನೆ ಅಷ್ಟಾಗಿ ಕಾಡಿರಲಾರದು. ವಾದ್ಯವೇ ಅವರಿಗೆ ಉತ್ತರ ಹೇಳುತ್ತಿತ್ತು. ವಿದ್ಯುತ್ ಗಿಟಾರಿನ ಪಿಕಪ್ ಹಾಗಲ್ಲ. ಅದೊಂದು ಮುಚ್ಚಿದ ಪುಟ್ಟ ಪೆಟ್ಟಿಗೆ. ವಾದ್ಯದಲ್ಲಿ ಕೂರಿಸಿ ಬೆಸುಗೆ ಹಾಕುವವರೆಗೆ ಅದರ ದನಿ ಯಾರಿಗೂ ಕೇಳಿಸದು. ಬೆಸುಗೆ ಹಾಕಿದ ಮೇಲೆ ಅದನ್ನು ಹಿಂದಿರುಗಿಸುವುದು ಕಷ್ಟ. ಆದುದರಿಂದ ಕೊಳ್ಳುವವನು ಜಾಹೀರಾತಿನ ವಿಶೇಷಣಗಳಿಗೆ ಶರಣಾಗುತ್ತಾನೆ. ಬೆಚ್ಚನೆಯ ದನಿ, ಜೇನಿನಂತಹ ದನಿ, ಹಳೆಯ ಕಾಲದ ದನಿ ಎಂಬ ಮಾತುಗಳಿಗೆ ಅಳತೆಗೋಲಿಲ್ಲ. ಬೆಲೆ ಮಾತ್ರ ಇದೆ.

ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿನ ಸಾಲಗುಂದದಲ್ಲಿ ಕುಳಿತ ಹುಡುಗನೂ ಬೆಂಗಳೂರಿನ ಹುಡುಗನೂ ಇಂದು ಒಂದೇ ಪಿಕಪ್ಪನ್ನು ಮನೆಯ ಬಾಗಿಲಿಗೆ ತರಿಸಿಕೊಳ್ಳಬಲ್ಲರು. ಆದರೆ ಬೆಂಗಳೂರಿನವನು ದೊಡ್ಡ ವಾದ್ಯದಂಗಡಿಗೆ ಹೋಗಿ ಹತ್ತು ಗಿಟಾರುಗಳನ್ನು ನುಡಿಸಿ ನೋಡಬಹುದು. ಸಾಲಗುಂದದವನಿಗೆ ಆ ಅಂಗಡಿ ಸುಮಾರು ೪೦೦ ಕಿಲೋಮೀಟರು ದೂರ. ಅವನ ಕೈಗೆ ಹತ್ತಿರವಾಗಿರುವುದು ಅವನ ಭೌತಶಾಸ್ತ್ರದ ಪಠ್ಯಪುಸ್ತಕ. ಅಂಗಡಿಯ ಕೆಲಸವನ್ನು ಆ ಪುಸ್ತಕ ಬಹುಮಟ್ಟಿಗೆ ಮಾಡಬಲ್ಲುದೆಂದು ತೋರಿಸುವುದೇ ಈ ಲೇಖನದ ಉದ್ದೇಶ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ: ಕೊರಳ ಪಿಕಪ್ಪಿನ ದನಿಯನ್ನು ಮೊದಲು ನಿರ್ಧರಿಸುವುದು ಅದು ಕುಳಿತ ಸ್ಥಳ, ಅನಂತರ ಅದರ ಎತ್ತರ, ಅದಕ್ಕೆ ಸೇರಿಸಿದ ತಂತಿ, ಮನೆಯ ವಿದ್ಯುತ್ ವ್ಯವಸ್ಥೆ, ಹೆಸರು ಮತ್ತು ಬೆಲೆಗಳ ಸರದಿ ಕೊನೆಯದು. ಈ ಕ್ರಮವನ್ನು ತಲೆಕೆಳಗು ಮಾಡಿದವನು ಹಣವನ್ನೂ ಕೆಲವೊಮ್ಮೆ ಅದಕ್ಕಿಂತ ದೊಡ್ಡದನ್ನೂ ಕಳೆದುಕೊಳ್ಳುತ್ತಾನೆ.

ಗಿಟಾರಿನ ಪರಿಚಯವಿಲ್ಲದ ಓದುಗರಿಗಾಗಿ ಎರಡು ಮಾತು. ವಿದ್ಯುತ್ ಗಿಟಾರಿನ ಒಡಲು ಸಾಮಾನ್ಯವಾಗಿ ಗಟ್ಟಿಮರ. ವೀಣೆಯ ಕೊಡದಂತೆ ಅದು ದನಿಯನ್ನು ಹಿಗ್ಗಿಸುವುದಿಲ್ಲ. ತಂತಿಗಳ ಕೆಳಗೆ ಎರಡೋ ಮೂರೋ ಪಿಕಪ್ಪುಗಳಿರುತ್ತವೆ. ತಂತಿಗಳು ಕೂರುವ ಕುದುರೆಯ ಪಕ್ಕದಲ್ಲಿರುವುದು ಕುದುರೆಯ ಪಿಕಪ್. ಮೆಟ್ಟಿಲುಗಳಿರುವ ಕೊರಳು ಒಡಲಿಗೆ ಸೇರುವಲ್ಲಿ ಇರುವುದು ಕೊರಳ ಪಿಕಪ್. ಪ್ರತಿಯೊಂದರಲ್ಲೂ ಅಯಸ್ಕಾಂತ ಇರುತ್ತದೆ. ಅದರ ಸುತ್ತ ಕೂದಲಿನಷ್ಟು ತೆಳುವಾದ ತಾಮ್ರದ ತಂತಿಯ ಸಾವಿರಾರು ಸುತ್ತುಗಳಿರುತ್ತವೆ. ಅಯಸ್ಕಾಂತವು ಮೇಲಿರುವ ಉಕ್ಕಿನ ತಂತಿಯನ್ನು ತಾನೂ ಒಂದು ಕಿರು ಅಯಸ್ಕಾಂತವಾಗುವಂತೆ ಮಾಡುತ್ತದೆ. ತಂತಿ ಕಂಪಿಸಿದಾಗ ಸುರುಳಿಯ ಮೂಲಕ ಹಾಯುವ ಕಾಂತ ಅಭಿವಾಹ ಏರಿಳಿಯುತ್ತದೆ. ಸುರುಳಿಯಲ್ಲಿ ವೋಲ್ಟೇಜು ಹುಟ್ಟುತ್ತದೆ. ಮೈಕೆಲ್ ಫ್ಯಾರಡೆ ೧೮೩೧ರಲ್ಲಿ ಕಂಡುಕೊಂಡ ಪ್ರೇರಣೆಯ ನಿಯಮಕ್ಕೆ ಇದಕ್ಕಿಂತ ಇಂಪಾದ ಉದಾಹರಣೆ ಬೇಕಿಲ್ಲ. ಅಮೆರಿಕದ ಜಾರ್ಜ್ ಬೋಷಾಂಪ್ ಎಂಬಾತ ಈ ಉಪಾಯಕ್ಕೆ ೧೯೩೭ರಲ್ಲಿ ಪೇಟೆಂಟು ಪಡೆದನು. ಗಿಬ್ಸನ್ ಕಂಪನಿ ೧೯೩೬ರಲ್ಲಿ ಹೊರತಂದ ಇಎಸ್-೧೫೦ ಎಂಬ ಗಿಟಾರಿನಲ್ಲಿದ್ದ ಒಂದೇ ಪಿಕಪ್ ಕೊರಳ ಬಳಿಯಲ್ಲಿತ್ತು. ಅದನ್ನು ನುಡಿಸಿ ಹೆಸರಾದ ಚಾರ್ಲಿ ಕ್ರಿಶ್ಚಿಯನ್ ಎಂಬ ಜಾಝ್ ವಾದಕನ ಹೆಸರಿನಿಂದಲೇ ಆ ಪಿಕಪ್ಪನ್ನು ಇಂದಿಗೂ ಕರೆಯುತ್ತಾರೆ.

ಕೆಲಸ ಮಾಡುವ ಬಗೆ ಒಂದೇ ಆಗಿದ್ದರೂ ಕೊರಳ ಪಿಕಪ್ಪಿನ ದನಿ ದುಂಡಗೆ, ತುಂಬಿಕೊಂಡು ಇರುತ್ತದೆ. ಕುದುರೆಯ ಪಿಕಪ್ಪಿನದು ಚೂಪಾಗಿ, ತೆಳ್ಳಗೆ ಇರುತ್ತದೆ. ಒಂದೇ ಬಗೆಯ ಎರಡು ಪಿಕಪ್ಪುಗಳನ್ನು ಎರಡೂ ಕಡೆ ಕೂರಿಸಿದರೂ ಈ ಭೇದ ಅಳಿಯುವುದಿಲ್ಲ. ಕಾರಣವನ್ನು ಹುಡುಕಲು ತಂತಿಯ ಕಂಪನವನ್ನು ನೆನೆಯಬೇಕು. ಮೀಟಿದ ತಂತಿ ಒಂದೇ ಸ್ವರವನ್ನು ನುಡಿಯುವುದಿಲ್ಲ. ಇಡೀ ತಂತಿ ಒಂದು ಕುಣಿಕೆಯಾಗಿ ಕಂಪಿಸಿ ಮೂಲಸ್ವರವನ್ನು ಕೊಡುತ್ತದೆ. ಅದೇ ಹೊತ್ತಿಗೆ ಎರಡು, ಮೂರು, ನಾಲ್ಕು ಕುಣಿಕೆಗಳಾಗಿಯೂ ಕಂಪಿಸಿ ಮೇಲುಸ್ವರಗಳನ್ನು ಕೊಡುತ್ತದೆ. ಕುಣಿಕೆಗಳ ನಡುವೆ ತಂತಿ ಅಲುಗದ ಜಾಗಗಳಿಗೆ ನಿಸ್ಪಂದ ಬಿಂದುಗಳೆಂದು ಹೆಸರು. ಪಿಕಪ್ ತನ್ನ ತಲೆಯ ಮೇಲಿರುವ ತುಂಡು ತಂತಿಯ ಚಲನೆಯನ್ನು ಮಾತ್ರ ಬಲ್ಲುದು. ಅಲ್ಲಿ ಯಾವ ಮೇಲುಸ್ವರದ ನಿಸ್ಪಂದ ಬಿಂದು ಬೀಳುವುದೋ ಆ ಮೇಲುಸ್ವರಕ್ಕೆ ಪಿಕಪ್ ಕಿವುಡು.

ಲೆಕ್ಕವನ್ನು ಮಾಡಿಯೇ ನೋಡೋಣ. ಫೆಂಡರ್ ಮಾದರಿಯ ಗಿಟಾರುಗಳಲ್ಲಿ ಕಂಪಿಸುವ ತಂತಿಯ ಉದ್ದ ೬೪.೮ ಸೆಂಟಿಮೀಟರು. ಕೊರಳ ಪಿಕಪ್ ಕುದುರೆಯಿಂದ ಸುಮಾರು ೧೬.೨ ಸೆಂಟಿಮೀಟರು ದೂರದಲ್ಲಿ, ಎಂದರೆ ಉದ್ದದ ಕಾಲು ಭಾಗದಲ್ಲಿ ಇರುತ್ತದೆ; ಕುದುರೆಯ ಪಿಕಪ್ ಸುಮಾರು ೪ ಸೆಂಟಿಮೀಟರು ದೂರದಲ್ಲಿ. ಪ್ರತಿ ಸ್ವರದ ಅತಿ ಹೆಚ್ಚಿನ ತೂಗಾಟವನ್ನು ೧೦೦ ಎಂದಿಟ್ಟುಕೊಂಡರೆ, ಕೊರಳ ಬಳಿಯಲ್ಲಿ ಮೂಲಸ್ವರದ ತೂಗಾಟ ೭೧, ಎರಡನೆಯದು ೧೦೦, ಮೂರನೆಯದು ೭೧, ನಾಲ್ಕನೆಯದು ಸೊನ್ನೆ. ಕುದುರೆಯ ಬಳಿಯಲ್ಲಿ ಇವೇ ನಾಲ್ಕು ಕ್ರಮವಾಗಿ ಸುಮಾರು ೨೦, ೩೯, ೫೬, ೭೧. ತ್ರಿಕೋಣಮಿತಿಯ ಸೈನ್ ಕೋಷ್ಟಕವನ್ನು ಬಲ್ಲ ಪ್ರೌಢಶಾಲೆಯ ವಿದ್ಯಾರ್ಥಿಯೂ ಇದನ್ನು ಸರಿನೋಡಬಹುದು. ಕೊರಳ ಬಳಿಯಲ್ಲಿ ಮೂಲಸ್ವರ ಮೂರೂವರೆ ಪಟ್ಟು ಬಲವಾಗಿ ಕೇಳಿಸುತ್ತದೆ. ಜಾಹೀರಾತಿನವರು ‘ಬೆಚ್ಚನೆಯ ದನಿ’ ಎಂದು ಮಾರುವುದರ ಬಹುಪಾಲು ಇದೇ. ಅದು ಗಿಟಾರಿನಲ್ಲಿ ಆಗಲೇ ಇದೆ; ಅದಕ್ಕೆ ಮತ್ತೆ ಬೆಲೆ ಕೊಡಬೇಕಾಗಿಲ್ಲ.

ಈ ಲೆಕ್ಕದಿಂದ ಹುಟ್ಟಿದ ಒಂದು ಮೂಢನಂಬಿಕೆಯೂ ಉಂಟು. ತಂತಿಯ ಕಾಲು ಭಾಗದ ಬಿಂದುವಿನಲ್ಲಿ ಏನೋ ಮಾಯೆ ಇದೆಯೆಂದೂ ಕೊರಳ ಪಿಕಪ್ ಅಲ್ಲಿಂದ ತುಸು ಸರಿದರೆ ದನಿ ಕೆಟ್ಟಿತೆಂದೂ ಹಲವರು ಹೇಳುತ್ತಾರೆ. ತಂತಿಯನ್ನು ಬೆರಳಿನಿಂದ ಒತ್ತದೆ ನುಡಿಸುವಾಗ ಮಾತ್ರ ಆ ಲೆಕ್ಕ ಸರಿ. ಐದನೆಯ ಮೆಟ್ಟಿಲಿನಲ್ಲಿ ಒತ್ತಿದರೆ ಕಂಪಿಸುವ ಉದ್ದ ಮುಕ್ಕಾಲಾಗುತ್ತದೆ. ಪಿಕಪ್ ಆಗ ಹೊಸ ಉದ್ದದ ಮೂರನೆಯ ಒಂದು ಭಾಗದಲ್ಲಿರುತ್ತದೆ. ಮೂರನೆಯ ಮೇಲುಸ್ವರ ಮಾಯವಾಗಿ ನಾಲ್ಕನೆಯದು ಮರಳಿ ಬರುತ್ತದೆ. ಹನ್ನೆರಡನೆಯ ಮೆಟ್ಟಿಲಿನಲ್ಲಿ ಒತ್ತಿದರೆ ಪಿಕಪ್ ಸರಿಯಾಗಿ ನಡುವೆ ನಿಲ್ಲುತ್ತದೆ; ಸಮಸಂಖ್ಯೆಯ ಮೇಲುಸ್ವರಗಳೆಲ್ಲ ಮಂಕಾಗುತ್ತವೆ. ನುಡಿಸುವವನ ಬೆರಳು ಹೆಜ್ಜೆಹೆಜ್ಜೆಗೂ ನಿಸ್ಪಂದ ಬಿಂದುಗಳನ್ನು ಸರಿಸುತ್ತಿರುವಾಗ ಒಂದು ಬಿಂದುವಿಗೆ ಪಟ್ಟ ಕಟ್ಟುವುದರಲ್ಲಿ ಅರ್ಥವಿಲ್ಲ. ೨೪ ಮೆಟ್ಟಿಲುಗಳ ಗಿಟಾರಿನಲ್ಲಿ ಕೊನೆಯ ಮೆಟ್ಟಿಲೇ ಆ ಕಾಲು ಭಾಗದ ಜಾಗವನ್ನು ಹಿಡಿದುಕೊಳ್ಳುವುದರಿಂದ ಕೊರಳ ಪಿಕಪ್ ಕುದುರೆಯತ್ತ ಸರಿಯುತ್ತದೆ. ದನಿ ಸ್ವಲ್ಪ ತೆಳ್ಳಗಾಗುತ್ತದೆ. ಅಂತಹ ಗಿಟಾರಿನವನು ಎಷ್ಟು ಬೆಲೆಯ ಪಿಕಪ್ಪನ್ನು ತಂದರೂ ೨೨ ಮೆಟ್ಟಿಲಿನ ವಾದ್ಯದ ದನಿಯನ್ನು ಅದೇ ತೆರನಾಗಿ ಪಡೆಯಲಾರನು. ಸ್ಥಳವನ್ನು ಯಾವ ಅಂಗಡಿಯೂ ಮಾರುವುದಿಲ್ಲ.

ಇದೇ ನಿಸ್ಪಂದ ಬಿಂದುವಿನ ಕಥೆಯಲ್ಲಿ ನಮ್ಮ ನಾಡಿನ ವಾದ್ಯಗಳಿಗೂ ಪಾತ್ರವಿದೆ. ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟುವೆವೋ ಆ ಬಿಂದುವನ್ನು ನಿಸ್ಪಂದವಾಗಿ ಉಳ್ಳ ಮೇಲುಸ್ವರ ಹುಟ್ಟುವುದಿಲ್ಲವೆಂದು ಥಾಮಸ್ ಯಂಗ್ ೧೮೦೦ರಲ್ಲಿ ತೋರಿಸಿದ್ದನು. ವೀಣೆ ಮತ್ತು ತಂಬೂರಿಗಳಲ್ಲಿ ಈ ನಿಯಮ ನಡೆಯುವುದಿಲ್ಲವೆಂದು ಸಿ. ವಿ. ರಾಮನ್ನರು ೧೯೨೧ರಲ್ಲಿ ಪ್ರಕಟಿಸಿದರು. ಆ ವಾದ್ಯಗಳ ಕುದುರೆ ಚೂಪಾದ ಅಂಚಲ್ಲ, ಬಾಗಿದ ಅಗಲವಾದ ಮೇಲ್ಮೈ. ತಂತಿ ಅದನ್ನು ಮತ್ತೆ ಮತ್ತೆ ಸವರುತ್ತಾ, ಇಲ್ಲದಿರಬೇಕಾದ ಮೇಲುಸ್ವರಗಳನ್ನೂ ಎಬ್ಬಿಸುತ್ತದೆ. ರಾಯಚೂರು ಸೀಮೆಯಲ್ಲಿ ದಾಸರ ಪದಗಳಿಗೆ ಜೊತೆಯಾಗಿ ಮಿಡಿಯುವ ತಂಬೂರಿಯ ಝೇಂಕಾರಕ್ಕೆ ಕಾರಣ ಇದೇ. ರಾಮನ್ನರು ವಾದ್ಯದ ಖ್ಯಾತಿಯನ್ನು ಕೇಳಿ ತೃಪ್ತರಾಗಲಿಲ್ಲ; ತಂತಿ ಎಲ್ಲಿ ಅಲುಗುತ್ತದೆ, ಎಲ್ಲಿ ಅಲುಗುವುದಿಲ್ಲ ಎಂದು ನೋಡಿದರು. ಗಿಟಾರಿನ ವಿದ್ಯಾರ್ಥಿ ಅನುಸರಿಸಬೇಕಾದ ಮಾರ್ಗವೂ ಅದೇ. ಬೆಂಗಳೂರಿನ ಜಿ. ರಾಜ್ ನಾರಾಯಣ್ ಅವರು ೧೯೭೯ರಲ್ಲಿ ಎಲೆಕ್ಟ್ರಾನಿಕ್ ತಂಬೂರಿಯನ್ನು ರೂಪಿಸಿದುದೂ ಕಿವಿ ಮತ್ತು ಅಳತೆ ಎರಡನ್ನೂ ಜೊತೆಗೂಡಿಸಿಯೇ.

ಇನ್ನೊಂದು ಸರಳವಾದ ಸಂಗತಿಯನ್ನೂ ಇಲ್ಲಿಯೇ ಹೇಳಬೇಕು. ಕಾಂತಕ್ಕೆ ಓಗೊಡುವುದು ಉಕ್ಕು ಮತ್ತು ನಿಕ್ಕಲ್ಲುಗಳಂತಹ ಲೋಹಗಳು, ಹಿತ್ತಾಳೆ, ಕಂಚುಗಳಲ್ಲ. ತಂಬೂರಿಯ ಹಿತ್ತಾಳೆಯ ಮಂದ್ರ ತಂತಿಯ ಕೆಳಗೆ ಗಿಟಾರಿನ ಪಿಕಪ್ಪನ್ನು ಹಿಡಿದರೆ ಅದು ಬಹುಮಟ್ಟಿಗೆ ಮೌನವಾಗಿರುತ್ತದೆ. ಮರದ ಗಿಟಾರಿಗೆಂದು ಮಾಡಿದ, ಉಕ್ಕಿನ ಮೇಲೆ ಕಂಚು ಸುತ್ತಿದ ತಂತಿಗಳನ್ನು ವಿದ್ಯುತ್ ಗಿಟಾರಿಗೆ ಬಿಗಿದವನಿಗೆ ದಪ್ಪ ತಂತಿಗಳ ದನಿ ಸೊರಗಿದಂತೆ ಕೇಳಿಸುತ್ತದೆ. ಅವನು ಬದಲಾಯಿಸಬೇಕಾದುದು ತಂತಿಗಳನ್ನು, ಪಿಕಪ್ಪನ್ನಲ್ಲ.

ಸ್ಥಳದ ಅನಂತರದ್ದು ಎತ್ತರ. ಪಿಕಪ್ಪಿನ ಎರಡು ಬದಿಗಳಲ್ಲಿ ಎರಡು ತಿರುಪುಗಳಿವೆ. ಅವನ್ನು ತಿರುಗಿಸಿದರೆ ಪಿಕಪ್ ಏರುತ್ತದೆ, ಇಳಿಯುತ್ತದೆ. ಹತ್ತಿರವಿದ್ದಷ್ಟೂ ದನಿ ಜೋರಾಗುತ್ತದೆಂದು ಹಲವರು ಪಿಕಪ್ಪನ್ನು ತಂತಿಗೆ ತಾಗುವಷ್ಟು ಏರಿಸುತ್ತಾರೆ. ಕೊರಳ ಬಳಿಯಲ್ಲಿ ತಂತಿಯ ತೂಗಾಟ ಹೆಚ್ಚು, ತಂತಿ ಮೆತ್ತಗೆ. ಅಲ್ಲಿ ಅಯಸ್ಕಾಂತದ ಸೆಳೆತ ತಂತಿಯ ಕಂಪನವನ್ನೇ ಕೆಡಿಸುತ್ತದೆ. ದಪ್ಪ ತಂತಿಯನ್ನು ಮೇಲಿನ ಮೆಟ್ಟಿಲುಗಳಲ್ಲಿ ನುಡಿಸಿದಾಗ ಒಂದೇ ಸ್ವರ ಎರಡಾಗಿ ಒಡೆದು ಅಲೆಅಲೆಯಾಗಿ ಕೇಳಿಸಿದರೆ ಅದು ಈ ಸೆಳೆತದ ಗುರುತು. ಕೊನೆಯ ಮೆಟ್ಟಿಲಿನಲ್ಲಿ ತಂತಿಯನ್ನು ಒತ್ತಿ ಹಿಡಿದು, ತಂತಿಗೂ ಪಿಕಪ್ಪಿಗೂ ನಡುವೆ ೨ರಿಂದ ೩ ಮಿಲಿಮೀಟರು ಅಂತರವಿರುವಂತೆ ಮಾಡಿ ನೋಡಬೇಕು. ಮಂಕು ದನಿಯೆಂದು ದೂರಲಾದ ಎಷ್ಟೋ ಪಿಕಪ್ಪುಗಳು ಒಂದು ತಿರುಪುಳಿಯ ಉಪಚಾರದಿಂದಲೇ ಗುಣ ಕಾಣಬಲ್ಲವು.

ಮಾರಾಟಗಾರರು ಪಿಕಪ್ಪಿನ ‘ಶಕ್ತಿ’ಯನ್ನು ಕಿಲೋ ಓಮ್‌ಗಳಲ್ಲಿ ಹೇಳುವ ವಾಡಿಕೆಯೂ ಪರೀಕ್ಷೆಗೆ ತಕ್ಕುದು. ಓಮ್ ಎಂಬುದು ರೋಧದ ಮಾನ, ಶಕ್ತಿಯದಲ್ಲ. ಒಂದೇ ಸಂಖ್ಯೆಯ ಸುತ್ತುಗಳನ್ನು ಇನ್ನೂ ತೆಳುವಾದ ತಂತಿಯಿಂದ ಸುತ್ತಿದರೆ ರೋಧ ಏರುತ್ತದೆ, ವೋಲ್ಟೇಜು ಏರುವುದಿಲ್ಲ. ಅಷ್ಟೇ ಅಲ್ಲ. ತಾಮ್ರದ ರೋಧ ಪ್ರತಿ ಡಿಗ್ರಿಗೆ ನೂರಕ್ಕೆ ೦.೩೯ರಷ್ಟು ಹೆಚ್ಚುತ್ತದೆ. ೨೦ ಡಿಗ್ರಿ ಉಷ್ಣತೆಯಲ್ಲಿ ೭.೫ ಕಿಲೋ ಓಮ್ ತೋರಿಸಿದ ಸುರುಳಿ, ರಾಯಚೂರು ಸೀಮೆಯ ಬೇಸಗೆಗೆ ಹೊಸದಲ್ಲದ ೪೦ ಡಿಗ್ರಿಯಲ್ಲಿ ಸುಮಾರು ೮.೧ ಕಿಲೋ ಓಮ್ ತೋರಿಸುತ್ತದೆ. ಏಳೂವರೆಗಿಂತ ಎಂಟು ಹೆಚ್ಚು ಬಲಶಾಲಿಯೆಂದು ಹೆಚ್ಚು ಹಣ ತೆತ್ತವನು, ಏಪ್ರಿಲ್ ತಿಂಗಳ ಬಿಸಿಲು ಪುಕ್ಕಟೆಯಾಗಿ ಕೊಡುತ್ತಿದ್ದುದನ್ನು ಕೊಂಡಂತಾಯಿತು! ಅದೂ ಅಲ್ಲದೆ ಕೊರಳ ಸ್ಥಾನದಲ್ಲಿ ಬಲಕ್ಕೆ ಕೊರತೆಯಿಲ್ಲ. ತಂತಿಯೇ ಅಲ್ಲಿ ಮೂರೂವರೆ ಪಟ್ಟು ಹೆಚ್ಚು ತೂಗುತ್ತಿದೆ. ಕಡಮೆ ಸುತ್ತುಗಳ ಸಾಧು ಪಿಕಪ್ಪೇ ಅಲ್ಲಿಗೆ ಹೊಂದುತ್ತದೆ. ಜೋರಿನದನ್ನು ತಂದು ಕೂರಿಸಿದರೆ ಎರಡು ಪಿಕಪ್ಪುಗಳ ನಡುವಣ ಸಮತೋಲ ಕೆಡುತ್ತದೆ.

ಹಾಗಾದರೆ ಕೊಳ್ಳುವವನು ಯಾವ ಅಂಕಿಯನ್ನು ಕೇಳಬೇಕು? ಪ್ರೇರಕತ್ವವನ್ನು ಕೇಳಬೇಕು, ಅದರ ಮಾನ ಹೆನ್ರಿ. ಸುರುಳಿಯ ಪ್ರೇರಕತ್ವವೂ ಗಿಟಾರಿನಿಂದ ಆಂಪ್ಲಿಫೈಯರಿಗೆ ಹೋಗುವ ತಂತಿಯ ಧಾರಕತೆಯೂ ಸೇರಿ ಒಂದು ಅನುರಣನ ಮಂಡಲವಾಗುತ್ತವೆ. ಅನುರಣನದ ಆವೃತ್ತಿಯ ಸುತ್ತಮುತ್ತಲ ದನಿ ಎದ್ದು ಕೇಳುತ್ತದೆ; ಅದಕ್ಕಿಂತ ಮೇಲಿನದು ಬೇಗನೆ ಕುಗ್ಗುತ್ತದೆ. ಸಾಮಾನ್ಯ ಒಂಟಿ ಸುರುಳಿಯ ಪಿಕಪ್ಪಿಗೆ ೨.೫ ಹೆನ್ರಿ ಎನ್ನೋಣ. ಸುರುಳಿಯ ಸ್ವಂತ ಧಾರಕತೆ ೧೦೦ ಪಿಕೋಫ್ಯಾರಡ್, ತಂತಿಯದು ಮೀಟರಿಗೆ ೧೦೦ ಪಿಕೋಫ್ಯಾರಡ್ ಎಂದು ಹಿಡಿದರೆ, ೩ ಮೀಟರ್ ತಂತಿಯೊಡನೆ ಅನುರಣನ ಸುಮಾರು ೫೦೦೦ ಹರ್ಟ್ಸ್‌ನಲ್ಲಿ ಬೀಳುತ್ತದೆ. ೬ ಮೀಟರ್ ತಂತಿಯೊಡನೆ ಸುಮಾರು ೩೮೦೦ರಲ್ಲಿ. ೪.೫ ಹೆನ್ರಿಯ ಜೋಡಿ ಸುರುಳಿಯ ಪಿಕಪ್ಪನ್ನು ೩ ಮೀಟರ್ ತಂತಿಗೆ ಸೇರಿಸಿದರೆ ಅದರ ಅನುರಣನ ಸುಮಾರು ೩೭೫೦ರಲ್ಲಿ. ಅನುರಣನದ ಸ್ಥಾನದ ಮಟ್ಟಿಗೆ, ತಂತಿಯನ್ನು ಉದ್ದ ಮಾಡುವುದೂ ಪಿಕಪ್ಪನ್ನೇ ಬದಲಾಯಿಸುವುದೂ ಒಂದೇ ಆಯಿತು. ಕೊರಳ ಪಿಕಪ್ಪಿನ ದನಿ ಮಬ್ಬೆಂದು ಕೊರಗುವವನು ಮೊದಲು ಗೆಳೆಯನಿಂದ ಗಿಡ್ಡ ತಂತಿಯೊಂದನ್ನು ಎರವಲು ಪಡೆಯಲಿ.

ಈಗ ನಮ್ಮ ಊರುಗಳಿಗೆ ವಿಶೇಷವಾಗಿ ಸಂಬಂಧಿಸಿದ ವಿಷಯಕ್ಕೆ ಬರೋಣ. ಸುರುಳಿ ತಂತಿಯ ಕಂಪನವನ್ನಷ್ಟೇ ಕೇಳುವುದಿಲ್ಲ. ಸುತ್ತಲಿನ ಪರ್ಯಾಯ ವಿದ್ಯುತ್ತಿನ ಕಾಂತಕ್ಷೇತ್ರವನ್ನೂ ಕೇಳುತ್ತದೆ. ಸಿಂಧನೂರು ಸೀಮೆಯಲ್ಲಿ ನೀರೆತ್ತುವ ಪಂಪುಗಳು, ಅಕ್ಕಿಯ ಗಿರಣಿಗಳು, ಟ್ರಾನ್ಸ್‌ಫಾರ್ಮರುಗಳು ಊರಿನ ಬದುಕಿನ ಭಾಗ. ಮನೆಯೊಳಗೆ ಫ್ಯಾನಿನ ರೆಗ್ಯುಲೇಟರು, ಅಗ್ಗದ ದೀಪಗಳು, ಆಂಪ್ಲಿಫೈಯರಿನ ಸ್ವಂತ ಟ್ರಾನ್ಸ್‌ಫಾರ್ಮರು. ನಮ್ಮ ದೇಶದ ಮುಖ್ಯ ವಿದ್ಯುತ್ತು ಸೆಕೆಂಡಿಗೆ ೫೦ ಆವೃತ್ತಿಯದು. ಅದರ ಗುಂಯ್‌ಗುಟ್ಟುವಿಕೆ ೫೦, ೧೦೦, ೧೫೦ ಹರ್ಟ್ಸ್‌ಗಳಲ್ಲಿ ಬರುತ್ತದೆ. ಗಿಟಾರಿನ ಅತಿ ದಪ್ಪ ತಂತಿ ೮೨ ಹರ್ಟ್ಸ್‌ನಲ್ಲಿ, ಅದರ ಮುಂದಿನದು ೧೧೦ ಹರ್ಟ್ಸ್‌ನಲ್ಲಿ ನುಡಿಯುವುದರಿಂದ, ಗದ್ದಲವನ್ನು ಸೋಸಹೋದರೆ ಸಂಗೀತವೂ ಸೋಸಿಹೋಗುತ್ತದೆ.

ಇದಕ್ಕೆ ಗಿಬ್ಸನ್ ಕಂಪನಿಯ ಸೆತ್ ಲವರ್ ೧೯೫೫ರಲ್ಲಿ ಸೊಗಸಾದ ಪರಿಹಾರವನ್ನು ರೂಪಿಸಿದನು. ಎರಡು ಸುರುಳಿಗಳನ್ನು ಪಕ್ಕಪಕ್ಕದಲ್ಲಿಟ್ಟು, ಒಂದರ ಕಾಂತಧ್ರುವವನ್ನೂ ಸುತ್ತಿನ ದಿಕ್ಕನ್ನೂ ತಿರುವುಮುರುವು ಮಾಡಬೇಕು. ಹೊರಗಿನ ಕ್ಷೇತ್ರ ಎರಡು ಸುರುಳಿಗಳಲ್ಲಿ ವಿರುದ್ಧವಾದ ವೋಲ್ಟೇಜುಗಳನ್ನು ಹುಟ್ಟಿಸಿ ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ. ತಂತಿಯ ಸಂಜ್ಞೆಗೆ ಮಾತ್ರ ಧ್ರುವ, ಸುತ್ತು ಎರಡೂ ತಿರುಗಿರುವುದರಿಂದ ಎರಡು ತಪ್ಪುಗಳು ಸೇರಿ ಸರಿಯಾದಂತೆ ಕೂಡಿಕೊಳ್ಳುತ್ತದೆ. ಹಂಬಕರ್ ಎಂದು ಹೆಸರಾದುದು ಇದೇ. ಆದರೆ ಇದಕ್ಕೂ ಒಂದು ಸುಂಕವುಂಟು. ಎರಡು ಸುರುಳಿಗಳು ಸುಮಾರು ೧೯ ಮಿಲಿಮೀಟರು ಅಂತರದಲ್ಲಿ ತಂತಿಯನ್ನು ಎರಡು ಕಡೆ ಕೇಳುತ್ತವೆ. ಅತಿ ದಪ್ಪ ತಂತಿಯಲ್ಲಿ ೨೮೦೦ ಹರ್ಟ್ಸ್‌ನ ಸುತ್ತಿನ ಮೇಲುಸ್ವರಗಳು ಅಲ್ಲಿ ಒಂದನ್ನೊಂದು ಅಳಿಸಿಕೊಳ್ಳುತ್ತವೆ. ತೆಳು ತಂತಿಯಲ್ಲಿ ಈ ನಷ್ಟ ೧೧೦೦೦ ಹರ್ಟ್ಸ್‌ನ ಬಳಿ ಆಗುವುದರಿಂದ ಗಮನಕ್ಕೆ ಬಾರದು. ಕೊರಳ ಬಳಿಯ ಹಂಬಕರ್ ದಪ್ಪ ತಂತಿಗಳಲ್ಲಿ ಮಬ್ಬೆನಿಸುವುದಕ್ಕೆ ಇದೂ ಒಂದು ಕಾರಣ.

ಆದುದರಿಂದ ಸಾಲಗುಂದದಂತಹ ಊರಿನ ವಿದ್ಯಾರ್ಥಿಗೆ ನಮ್ಮ ಸಲಹೆ ಹೀಗಿದೆ: ಕೊರಳ ಸ್ಥಾನಕ್ಕೆ ಗದ್ದಲವನ್ನು ಅಳಿಸುವ, ಆದರೆ ಕಡಮೆ ಪ್ರೇರಕತ್ವದ, ಕಿರಿದಾದ ಪಿಕಪ್ಪನ್ನು ಆರಿಸುವುದು ಲೇಸು. ಎರಡು ಸುರುಳಿಗಳನ್ನು ಒಂದರ ಮೇಲೊಂದು ಪೇರಿಸಿದ ಮಾದರಿಗಳಿವೆ. ಅವು ತಂತಿಯನ್ನು ಒಂದೇ ಕಡೆ ಕೇಳುತ್ತವೆ, ಗದ್ದಲವನ್ನೂ ಅಳಿಸುತ್ತವೆ. ಸದ್ದಡಗಿದ ಸ್ಟುಡಿಯೋದಲ್ಲಿ ಕುಳಿತವರು ಒಂಟಿ ಸುರುಳಿಯೇ ಶ್ರೇಷ್ಠವೆಂದು ಹೊಗಳಿದರೆ ಅದು ಅವರ ಕೋಣೆಗೆ ಒಪ್ಪುವ ಮಾತು. ಪಂಪಿನ ಮೋಟಾರಿನ ಪಕ್ಕದ ಕೋಣೆಗೆ ಒಪ್ಪುವ ಮಾತಲ್ಲ.

ಆದರೆ ಇದನ್ನಾದರೂ ಕೊಳ್ಳುವ ಮುನ್ನ ಎರಡು ಪರೀಕ್ಷೆಗಳು ಆಗಲೇಬೇಕು. ಗಿಟಾರನ್ನು ಹಿಡಿದು ನಿಂತಲ್ಲಿಯೇ ಸುತ್ತು ತಿರುಗಿರಿ. ಗುಂಯ್‌ಗುಟ್ಟುವಿಕೆ ದಿಕ್ಕಿಗೆ ತಕ್ಕಂತೆ ಏರಿಳಿದರೆ ಅದು ಕಾಂತಕ್ಷೇತ್ರದ ಕೆಲಸ. ಜೋಡಿ ಸುರುಳಿ ಅದಕ್ಕೆ ಮದ್ದು. ಆಂಪ್ಲಿಫೈಯರಿನಿಂದ ದೂರ ಸರಿಯುವುದೂ ಮದ್ದೇ; ಅದರ ಟ್ರಾನ್ಸ್‌ಫಾರ್ಮರಿನ ಕ್ಷೇತ್ರ ದೂರದ ಘನಕ್ಕೆ ತಕ್ಕಂತೆ ಕುಗ್ಗುವುದರಿಂದ, ಒಂದು ಮೀಟರಿದ್ದುದನ್ನು ಎರಡು ಮಾಡಿದರೆ ಗದ್ದಲ ಸುಮಾರು ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ. ಇನ್ನು ತಂತಿಯನ್ನು ಕೈಯಿಂದ ಮುಟ್ಟಿದೊಡನೆ ಗದ್ದಲ ಕಡಮೆಯಾದರೆ ಅದು ವಿದ್ಯುತ್ ಕ್ಷೇತ್ರದ ಕೆಲಸ. ಅದಕ್ಕೆ ಬೇಕಾದುದು ಪಿಕಪ್ಪಿನ ಗುಳಿಯೊಳಗೆ ಅಂಟಿಸಿ ಭೂಸಂಪರ್ಕಕ್ಕೆ ಸೇರಿಸಿದ ತಾಮ್ರದ ಹಾಳೆ ಮತ್ತು ಮನೆಯ ಸರಿಯಾದ ಭೂಸಂಪರ್ಕ. ಹೊಸ ಪಿಕಪ್ಪಿನಿಂದ ಈ ರೋಗ ವಾಸಿಯಾಗದು. ಆಂಪ್ಲಿಫೈಯರಿನ ಹೊರಕವಚ ಜುಮ್ಮೆನಿಸುವಂತಿದ್ದರೆ ಈ ಪರೀಕ್ಷೆಯನ್ನು ಮಾಡಲೇಬಾರದು. ಅದನ್ನು ಒಡನೆಯೇ ಗೋಡೆಯಿಂದ ಕಳಚಬೇಕು.

ಭೂಸಂಪರ್ಕದ ಮಾತನ್ನು ನಾವು ಸಂಗೀತಕ್ಕಾಗಿ ಮಾತ್ರ ಎತ್ತುತ್ತಿಲ್ಲ. ಗಿಟಾರಿನ ತಂತಿಗಳು ಕುದುರೆಯ ಮೂಲಕ, ಅಲ್ಲಿಂದ ಆಂಪ್ಲಿಫೈಯರಿನ ಕವಚದ ಮೂಲಕ ಭೂಮಿಗೆ ಸೇರಿರುತ್ತವೆ. ಗೋಡೆಯ ಮೂರು ಕಾಲಿನ ಪ್ಲಗ್ಗಿನಲ್ಲಿ ದಪ್ಪ ಕಾಲು ಮುರಿದಿದ್ದರೆ, ಇಲ್ಲವೆ ಮನೆಯ ಭೂಸಂಪರ್ಕವೇ ಹೆಸರಿಗಷ್ಟೆ ಇದ್ದರೆ, ಕವಚಕ್ಕೆ ಸೋರಿದ ವಿದ್ಯುತ್ತು ತಂತಿಗಳಿಗೂ ಬರುತ್ತದೆ. ಒಂದು ಕೈ ತಂತಿಯ ಮೇಲಿರುವಾಗ ಇನ್ನೊಂದು ಕೈ ಬೇರೆ ಮಾರ್ಗದಿಂದ ಭೂಮಿಗೆ ಸೇರಿದ ಮೈಕನ್ನು ಹಿಡಿದರೆ ವಿದ್ಯುತ್ತು ಎದೆಯ ಮೂಲಕವೇ ಹಾಯುತ್ತದೆ. ೧೯೭೨ರ ಮೇ ತಿಂಗಳಲ್ಲಿ ವೇಲ್ಸಿನ ಸ್ವಾನ್ಸೀ ನಗರದ ವೇದಿಕೆಯ ಮೇಲೆ, ಸರಿಯಾದ ಭೂಸಂಪರ್ಕವಿಲ್ಲದ ಮೈಕನ್ನು ಮುಟ್ಟಿ ಲೆಸ್ ಹಾರ್ವಿ ಎಂಬ ಗಿಟಾರು ವಾದಕ ಸತ್ತನು. ಜಾತ್ರೆಯ ರಸಮಂಜರಿ ವೇದಿಕೆಗೆ ಕಂಬದಿಂದ ನೇರವಾಗಿ ತಂತಿ ಎಳೆಯುವಲ್ಲಿ ಇಂತಹ ಅಪಾಯ ಇಲ್ಲವೆಂದು ಯಾರು ಧೈರ್ಯವಾಗಿ ಹೇಳಬಲ್ಲರು? ಸಿಂಧನೂರು ಸೀಮೆಯ ಎರೆಮಣ್ಣು ಬೇಸಗೆಯಲ್ಲಿ ಒಣಗಿ ಬಿರಿಯುತ್ತದೆ. ಭೂಸಂಪರ್ಕದ ಕೊಳವೆಗೂ ಮಣ್ಣಿಗೂ ನಡುವೆ ಬಿರುಕು ಬಿದ್ದರೆ ರೋಧ ಏರುತ್ತದೆ. ಆ ಗುಂಡಿಗೆ ಬೇಸಗೆಯಲ್ಲಿ ನೀರು ಹೊಯ್ಯುವ ಹಳೆಯ ವಾಡಿಕೆಯನ್ನು ಬಿಡಬಾರದು. ೩೦ ಮಿಲಿಆಂಪಿಯರ್ ಸೋರಿಕೆಗೆ ಕಡಿದುಕೊಳ್ಳುವ ರಕ್ಷಣಾ ಸ್ವಿಚ್ಚನ್ನು ಬಲ್ಲ ಕೆಲಸಗಾರನಿಂದ ಹಾಕಿಸುವುದು, ಎಂತಹ ಪಿಕಪ್ಪಿಗಿಂತಲೂ ಮೊದಲು ಮಾಡಬೇಕಾದ ವೆಚ್ಚ. ಗದ್ದಲವನ್ನು ಅಳಿಸುವ ಪಿಕಪ್ ಗದ್ದಲವನ್ನಷ್ಟೇ ಅಳಿಸುತ್ತದೆ; ಅಪಾಯವನ್ನಲ್ಲ.

ಸಂಗೀತಗಾರರು ನಮ್ಮನ್ನು ಇಲ್ಲಿ ತಡೆದು ಕೇಳಬಹುದು: ‘ನಾದವನ್ನು ಹೆನ್ರಿ, ಫ್ಯಾರಡ್‌ಗಳಿಂದ ಅಳೆಯುವಿರಾ? ಅಯಸ್ಕಾಂತದ ಜಾತಿಗೆ, ಸುತ್ತಿದ ಕೈಯ ಹದಕ್ಕೆ ಬೆಲೆಯೇ ಇಲ್ಲವೆ?’ ಬೆಲೆ ಇದೆ. ಅಲ್ಯುಮಿನಿಯಂ, ನಿಕ್ಕಲ್, ಕೋಬಾಲ್ಟುಗಳ ಮಿಶ್ರಣವಾದ ಆಲ್ನಿಕೋ ಅಯಸ್ಕಾಂತಕ್ಕೂ ಫೆರೈಟ್ ಅಯಸ್ಕಾಂತಕ್ಕೂ ವ್ಯತ್ಯಾಸವಿರುವುದು ನಿಜ. ಆದರೆ ಆ ವ್ಯತ್ಯಾಸವೂ ಸೆಳೆತದ ಬಲ, ಪ್ರೇರಕತ್ವ, ಲೋಹದಲ್ಲಿ ಹುಟ್ಟುವ ಸುಳಿ ವಿದ್ಯುತ್ತು ಎಂಬ ಅಳೆಯಬಹುದಾದ ದಾರಿಗಳಿಂದಲೇ ಕಿವಿಗೆ ಬರುತ್ತದೆ. ಕಿವಿಯೇ ಕೊನೆಯ ನ್ಯಾಯಾಧೀಶನೆಂಬುದನ್ನು ನಾವೂ ಒಪ್ಪುತ್ತೇವೆ. ಆದರೆ ನ್ಯಾಯಾಧೀಶನಿಗೆ ಕಕ್ಷಿಗಾರರ ಸಿರಿವಂತಿಕೆ ಮೊದಲೇ ತಿಳಿದಿರಬಾರದು. ಬೆಲೆಯನ್ನು ಕೇಳಿದ ಕಿವಿ ದನಿಯನ್ನು ನಿಷ್ಪಕ್ಷಪಾತವಾಗಿ ಕೇಳಲಾರದು.

ಅದಕ್ಕೂ ಸುಲಭವಾದ ಉಪಾಯವಿದೆ. ಒಂದೇ ಗತ್ತನ್ನು ಎರಡು ಪಿಕಪ್ಪುಗಳಲ್ಲಿ, ಒಂದೇ ತಂತಿ, ಒಂದೇ ಗಟ್ಟಿತನದಲ್ಲಿ ಮುದ್ರಿಸಿಕೊಳ್ಳಿರಿ. ಗೆಳೆಯನು ನಾಣ್ಯವನ್ನು ಚಿಮ್ಮಿ, ಬಿದ್ದ ಮುಖಕ್ಕೆ ತಕ್ಕಂತೆ ಒಂದನ್ನು ಕೇಳಿಸಲಿ. ನೀವು ಯಾವುದೆಂದು ಬರೆದಿಡಿರಿ. ಹೀಗೆ ೧೦ ಸಲ. ಬರಿಯ ಊಹೆಯಿಂದ ೯ ಅಥವಾ ೧೦ ಸಲ ಸರಿಯಾಗುವ ಸಂಭವ ೧೦೨೪ರಲ್ಲಿ ೧೧, ಎಂದರೆ ಸುಮಾರು ನೂರಕ್ಕೆ ಒಂದು. ಅಷ್ಟು ಸರಿಯಾಗಿ ಗುರುತಿಸಿದರೆ ವ್ಯತ್ಯಾಸ ನಿಜವಾಗಿಯೂ ಕೇಳಿಸುತ್ತಿದೆ. ಮೆಚ್ಚಿದ್ದನ್ನು ಸಂತೋಷದಿಂದ ಕೊಳ್ಳಿರಿ. ಐದಾರು ಸಲ ಮಾತ್ರ ಸರಿಯಾದರೆ ಹಣ ಜೇಬಿನಲ್ಲಿರಲಿ. ಹೊಸ ಪಿಕಪ್ಪುಗಳ ದನಿಮುದ್ರಿಕೆಗಳು ಇಂದು ಎಲ್ಲೆಡೆ ಸಿಕ್ಕುತ್ತವೆ. ಅವನ್ನೂ ಹೆಸರು ಮರೆಮಾಚಿಯೇ ಕೇಳಬೇಕು.

ನಮ್ಮ ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ ಸೋನೋಮೀಟರು, ಅಯಸ್ಕಾಂತ, ತಾಮ್ರದ ತಂತಿ, ಮಲ್ಟಿಮೀಟರುಗಳಿರುತ್ತವೆ. ಸೋನೋಮೀಟರಿನ ಉಕ್ಕಿನ ತಂತಿಯ ಕೆಳಗೆ ಸುರುಳಿ ಸುತ್ತಿದ ಅಯಸ್ಕಾಂತವನ್ನು ಸರಿಸುತ್ತಾ ಹೋದರೆ ನಿಸ್ಪಂದ ಬಿಂದುಗಳ ಕಥೆಯೆಲ್ಲ ಕಿವಿಗೆ ಕೇಳಿಸುತ್ತದೆ. ಮೊಬೈಲಿನಲ್ಲಿ ಸ್ವರಗಳ ರೋಹಿತವನ್ನು ತೋರಿಸುವ ತಂತ್ರಾಂಶವಿದ್ದರೆ ಕಣ್ಣಿಗೂ ಕಾಣಿಸುತ್ತದೆ. ಫ್ಯಾರಡೆಯ ನಿಯಮವನ್ನು ಪರೀಕ್ಷೆಗೆಂದು ಉರುಹೊಡೆದು, ಪರೀಕ್ಷೆ ಮುಗಿದ ಮೇಲೆ ಅದೇ ನಿಯಮದಿಂದ ನಡೆಯುವ ವಸ್ತುವನ್ನು ಜಾಹೀರಾತಿನ ಮಾತು ನಂಬಿ ಕೊಳ್ಳುವ ವಿದ್ಯಾವಂತನಿಗೂ ವಿದ್ಯೆಯೇ ಇಲ್ಲದವನಿಗೂ ಆ ಗಳಿಗೆಯಲ್ಲಿ ಭೇದವೇನು? ತಾಯಿತಂದೆಯರು ಬೆಳೆಯ ಹಣದಲ್ಲಿ ಉಳಿಸಿ ಕೊಟ್ಟ ರೂಪಾಯಿಗೆ ಇದಕ್ಕಿಂತ ಹೆಚ್ಚಿನ ಗೌರವ ಸಲ್ಲಬೇಕು.

ಭೂಸಂಪರ್ಕವನ್ನು ನೋಡಿಕೊಳ್ಳಿರಿ, ತಂತಿಗಳನ್ನು ನೋಡಿರಿ, ತಿರುಪನ್ನು ತಿರುಗಿಸಿ ಎತ್ತರವನ್ನು ಹೊಂದಿಸಿರಿ, ಗಿಡ್ಡ ತಂತಿಯನ್ನು ಸೇರಿಸಿರಿ, ಕಣ್ಣು ಮುಚ್ಚಿ ಕೇಳಿರಿ. ಇಷ್ಟಾದ ಮೇಲೂ ಕೊರಳ ಪಿಕಪ್ಪಿನ ದನಿ ಮನಸ್ಸಿಗೆ ಒಪ್ಪದಿದ್ದರೆ ಹೊಸದನ್ನು ತರಿಸಿರಿ. ಆಗ ನೀವು ಕೊಳ್ಳುವುದು ಏನನ್ನು, ಏಕೆ ಎಂಬುದು ನಿಮಗೆ ತಿಳಿದಿರುತ್ತದೆ.